ಚಗಳಿಯ ವೇಷ ಯಾರ ಕಣ್ಣಿಗೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ನಮಗೆ ಬಂದ ಪತ್ರಗಳಲ್ಲಿ ಏಳು ಪತ್ರಗಳು ಒಂದೇ ಜೀವಿಯನ್ನು ಕುರಿತವು: ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯಾದ ಚಗಳಿಯ ವೇಷ ತಾಳುವ ಜೇಡ. ಕೆಲವರಿಗೆ ತಾವು ಕೇಳುತ್ತಿರುವುದು ಯಾವ ಜೀವಿಯ ವಿಷಯವೆಂಬುದೇ ತಿಳಿದಿರಲಿಲ್ಲ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಗೇರು ಮರದಲ್ಲಿ ಚಗಳಿ ಕಾಟ ಹೆಚ್ಚು. ಮೊನ್ನೆ ಕೊಂಬೆಯ ಮೇಲೆ ಒಂಟಿಯಾಗಿದ್ದ ಚಗಳಿಯೊಂದನ್ನು ಕಡ್ಡಿಯಿಂದ ತಳ್ಳಿದೆ. ಅದು ನೆಲಕ್ಕೆ ಬೀಳದೆ ಕಣ್ಣಿಗೆ ಕಾಣದಂಥ ನೂಲಿಗೆ ಜೋತುಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಅದೇ ನೂಲು ಹಿಡಿದು ಮೇಲೇರಿತು. ಚಗಳಿಗಳು ನೂಲಿನಿಂದ ಎಲೆ ಹೊಲಿಯುವುದು ಗೊತ್ತು, ಹೀಗೆ ಜೋತಾಡುವುದನ್ನು ಕಂಡಿರಲಿಲ್ಲ. ಇದು ಯಾವ ಬಗೆಯ ಚಗಳಿ? – ಓದುಗರು, ತೀರ್ಥಹಳ್ಳಿ

ಉತ್ತರ: ನೀವು ತಳ್ಳಿದ್ದು ಚಗಳಿಯನ್ನಲ್ಲ, ಜೇಡವನ್ನು. ಕೊಟ್ಟೆಯನ್ನು, ಅಂದರೆ ಎಲೆಗಳ ಗೂಡನ್ನು, ಕಟ್ಟುವಾಗ ಬಳಕೆಯಾಗುವ ನೂಲು ದೊಡ್ಡ ಚಗಳಿಗಳಿಂದ ಬರುವುದಲ್ಲ. ಕೆಲಸಗಾರ ಚಗಳಿಗಳ ಒಂದು ಸಾಲು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆದು ಹಿಡಿದಿರುವಾಗ, ಬೇರೆ ಕೆಲವು ತಮ್ಮ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ನೇಕಾರನ ಲಾಳಿಯ ಹಾಗೆ ಆ ಅಂಚಿನಿಂದ ಈ ಅಂಚಿಗೆ ಆಡಿಸುತ್ತವೆ. ನೂಲು ಬಿಡುವುದು ಆ ಮರಿಹುಳು. ಬೆಳೆದ ಚಗಳಿಯನ್ನು ತಳ್ಳಿದರೆ ಅದು ಕಡ್ಡಿಯನ್ನೇ ಕಚ್ಚಿ ಹಿಡಿಯುತ್ತದೆ, ಇಲ್ಲವೇ ನೆಲಕ್ಕೆ ಬೀಳುತ್ತದೆ. ನೂಲಿಗೆ ಜೋತುಬೀಳುವುದು ಜೇಡದ ಕೆಲಸ.

ನೀವು ಕಂಡದ್ದು ಬಹುಮಟ್ಟಿಗೆ ಮಿರ್ಮಪ್ಲಾಟ ಪ್ಲಾಟಲಿಯಾಯ್ಡಿಸ್ ಎಂಬ ಜಿಗಿಯುವ ಜೇಡ. ಜಿಗಿಯುವ ಜೇಡಗಳ ಕುಟುಂಬವು ಜೇಡಗಳಲ್ಲೇ ಅತಿ ದೊಡ್ಡದು, ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಮನೆಯ ಗೋಡೆಯ ಮೇಲೆ ನೊಣವನ್ನು ಹೊಂಚಿ ಹಾರಿ ಹಿಡಿಯುವ, ಬೆರಳು ಹತ್ತಿರ ತಂದರೆ ತಿರುಗಿ ನೋಡುವ ಪುಟ್ಟ ರೋಮಶ ಜೇಡ ಇದೇ ಕುಟುಂಬದ್ದು. ಆದರೆ ನಿಮ್ಮ ಗೇರು ಮರದ ಜೇಡಕ್ಕೂ ಗೋಡೆಯ ಜೇಡಕ್ಕೂ ನಂಟಿದೆಯೆಂದು ನೋಟದಿಂದ ಯಾರೂ ಹೇಳಲಾರರು. ಜೇಡದ ದೇಹದಲ್ಲಿ ಇರುವುದು ಎರಡೇ ಭಾಗ: ತಲೆಯೂ ಎದೆಯೂ ಕೂಡಿದ ಮುಂಭಾಗ ಮತ್ತು ಹೊಟ್ಟೆ. ಇರುವೆಗೆ ಮೂರು ಭಾಗಗಳು ಎದ್ದು ಕಾಣುತ್ತವೆ, ನಡುವೆ ಎಳೆಯಂಥ ಸೊಂಟ ಬೇರೆ. ಈ ಕೊರತೆಯನ್ನು ತುಂಬಲು ಈ ಜೇಡದ ಮುಂಭಾಗವು ನಡುವೆ ಕಿರಿದಾಗಿ, ತಲೆ ಬೇರೆ ಎದೆ ಬೇರೆ ಎಂಬಂತೆ ತೋರುತ್ತದೆ. ಎದೆ ಮತ್ತು ಹೊಟ್ಟೆಗಳನ್ನು ಸೇರಿಸುವ ತೊಟ್ಟು, ಬೇರೆ ಜೇಡಗಳಲ್ಲಿ ಕಣ್ಣಿಗೆ ಬೀಳದಷ್ಟು ಗಿಡ್ಡದಾಗಿರುವಂಥದ್ದು, ಇದರಲ್ಲಿ ಉದ್ದಕ್ಕೆ ಎಳೆದಂತಾಗಿ ಸೊಂಟದ ಕೆಲಸ ಮಾಡುತ್ತದೆ. ಚಗಳಿಯ ತಲೆಯ ಇಕ್ಕೆಲದಲ್ಲಿ ಕಣ್ಣುಗಳಿರುವ ಜಾಗದಲ್ಲಿ ಇದಕ್ಕೆ ಎರಡು ಕಪ್ಪು ಮಚ್ಚೆಗಳಿವೆ. ಬಣ್ಣವಂತೂ ಚಗಳಿಯದೇ, ಇಟ್ಟಿಗೆ ಕೆಂಪು. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು.

ಪ್ರಶ್ನೆ: ಇರುವೆಯಂತೆ ಕಾಣುವ ಜೇಡವೊಂದು ಇರುವೆಗಳ ನಡುವೆ ಬೆರೆತು, ಅವುಗಳಿಗೆ ತಿಳಿಯದಂತೆ ಅವುಗಳನ್ನೇ ತಿನ್ನುತ್ತದೆ ಎಂದು ಓದಿದ್ದೇನೆ. ಸಾವಿರಾರು ಇರುವೆಗಳಲ್ಲಿ ಒಂದಕ್ಕಾದರೂ ಈ ಮೋಸ ಗೊತ್ತಾಗುವುದಿಲ್ಲವೇ? – ಓದುಗರು, ಉಡುಪಿ

ಉತ್ತರ: ನಿಮ್ಮ ಪ್ರಶ್ನೆಯ ಎರಡನೆಯ ಭಾಗದಲ್ಲೇ ಮೊದಲ ಭಾಗಕ್ಕೆ ಉತ್ತರವಿದೆ. ಗೊತ್ತಾಗುತ್ತದೆ. ಇರುವೆಗಳು ತಮ್ಮವರನ್ನು ಗುರುತಿಸುವುದು ಕಣ್ಣಿನಿಂದಲ್ಲ, ಮೈಮೇಲಿನ ಮೇಣದಂಥ ಪದರದ ವಾಸನೆಯಿಂದ. ಪಕ್ಕದ ಮರದ ಇನ್ನೊಂದು ಗುಂಪಿನ ಚಗಳಿ ನೋಡಲು ಅಚ್ಚು ಹಾಕಿದಂತಿದ್ದರೂ ಈ ಮರಕ್ಕೆ ಬಂದರೆ ಕಾದಾಟವೇ ಆಗುತ್ತದೆ. ಅಂಥವರ ಮುಂದೆ ಆಕಾರದ ಹೋಲಿಕೆಯಿಂದ ಯಾವ ಪ್ರಯೋಜನವೂ ಇಲ್ಲ. ಈ ಜೇಡವು ಚಗಳಿಗಳ ದಾರಿಯ ಅಂಚಿನಲ್ಲೇ ಬದುಕುತ್ತದೆ. ಆದರೆ ಚಗಳಿಯೊಂದು ಎದುರಾದೊಡನೆ ಹಿಂದೆ ಸರಿದು, ಎಲೆಯ ಕೆಳಮೈಗೆ ನುಸುಳಿ, ಬೇಕಾದರೆ ನೂಲು ಹಿಡಿದು ಕೆಳಗಿಳಿದು ದೂರವಾಗುತ್ತದೆ. ಸಿಕ್ಕಿಬಿದ್ದರೆ ಚಗಳಿಗಳು ಅದನ್ನು ಕಚ್ಚಿ ಕೊಲ್ಲಬಲ್ಲವು. ಇದರ ಆಹಾರ ಚಗಳಿಯಲ್ಲ, ಸಣ್ಣ ನೊಣ, ಪತಂಗ ಮುಂತಾದ ಮೆತ್ತಗಿನ ಕೀಟಗಳು.

ಹಾಗಾದರೆ ಈ ವೇಷ ಯಾರಿಗಾಗಿ? ನಮ್ಮ ಊರುಗಳಿಗೆ ಬರುತ್ತಿದ್ದ ಹಗಲುವೇಷದವರು ಪೊಲೀಸ್ ವೇಷ ಹಾಕಿದ ದಿನ ಠಾಣೆಯ ಒಳಗೆ ಹೋಗಿ ಕೂರುತ್ತಿರಲಿಲ್ಲ, ಸಂತೆಯಲ್ಲಿ ನಿಲ್ಲುತ್ತಿದ್ದರು. ಜೇಡದ ಲೆಕ್ಕವೂ ಅದೇ. ಚಗಳಿ ಎಂದರೆ ಹೆದರುವವರು ಚಗಳಿಗಳಲ್ಲ. ಸೂರ್ಯನ ಕುದುರೆ, ದೊಡ್ಡ ಜಿಗಿಯುವ ಜೇಡಗಳು, ಮಣ್ಣಿನ ಗೂಡಿಗೆ ಜೇಡಗಳನ್ನು ಹೊತ್ತೊಯ್ದು ತುಂಬುವ ಕುಂಬಾರ ಹುಳ, ಕೆಲವು ಹಕ್ಕಿಗಳು. ಒಂದು ಚಗಳಿಯನ್ನು ಕೆಣಕಿದರೆ ನೂರು ಬರುತ್ತವೆ, ಕಚ್ಚಿದ ಜಾಗಕ್ಕೆ ಉರಿಯುವ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ ಎಂಬುದು ಗೇರು ತೋಟದವರಿಗೆ ಗೊತ್ತಿರುವಷ್ಟೇ ಇವುಗಳಿಗೂ ಗೊತ್ತು. ಅಪಾಯವಿಲ್ಲದ ಜೀವಿಯೊಂದು ಅಪಾಯಕಾರಿಯಾದ ಮತ್ತೊಂದರ ರೂಪ ತಾಳಿ ಬದುಕಿಕೊಳ್ಳುವ ಈ ಬಗೆಯನ್ನು, ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ಮೊದಲು ವಿವರಿಸಿದ ಹೆನ್ರಿ ವಾಲ್ಟರ್ ಬೇಟ್ಸ್ ಅವರ ಹೆಸರಿನಿಂದ ಬೇಟ್ಸ್ ಅನುಕರಣೆ ಎಂದು ಕರೆಯುತ್ತಾರೆ.

ಇದು ಬರಿಯ ಊಹೆಯಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಜಿಮೆನಾ ನೆಲ್ಸನ್ ಮತ್ತು ರಾಬರ್ಟ್ ಜಾಕ್ಸನ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಟ್ಟಿದಾಗಿನಿಂದ ಪ್ರಯೋಗಾಲಯದಲ್ಲೇ ಬೆಳೆದು ಒಂದು ಇರುವೆಯನ್ನೂ ಕಂಡಿರದ ಸೂರ್ಯನ ಕುದುರೆಗಳೂ ಜಿಗಿಯುವ ಜೇಡಗಳೂ ಇರುವೆಯನ್ನು ಕಂಡು ದೂರ ಸರಿದವು. ಇರುವೆಯಂಥ ಜೇಡವನ್ನು ಕಂಡೂ ಹಾಗೆಯೇ ದೂರ ಸರಿದವು. ಕಚ್ಚಿಸಿಕೊಂಡು ಪಾಠ ಕಲಿಯುವ ಅಗತ್ಯವೇ ಅವುಗಳಿಗಿರಲಿಲ್ಲ.

ನೀವು ಓದಿದ್ದು ಸುಳ್ಳೆಂದೂ ನಾನು ಹೇಳುವುದಿಲ್ಲ, ಅದು ಬೇರೆ ಜೇಡಗಳ ಕಥೆ. ಅಮಿಸಿಯಾ ಎಂಬ ಏಡಿಜೇಡವೂ ಚಗಳಿಯ ವೇಷ ಹಾಕುತ್ತದೆ, ಅದರ ಹೊಟ್ಟೆಯ ತುದಿಯಲ್ಲಿ ಕಣ್ಣಿನಂಥ ಎರಡು ಕಪ್ಪು ಚುಕ್ಕೆಗಳಿವೆ, ಅಂದರೆ ಬೆನ್ನ ಹಿಂಭಾಗವೇ ಅದಕ್ಕೆ ಇರುವೆಯ ತಲೆ. ಅದು ನಿಜಕ್ಕೂ ಚಗಳಿಗಳನ್ನೇ ಹಿಡಿದು ತಿನ್ನುತ್ತದೆ. ಆಸ್ಟ್ರೇಲಿಯಾದ ಕಾಸ್ಮೊಫೇಸಿಸ್ ಬೈಟೀನಿಯೇಟ ಎಂಬ ಜಿಗಿಯುವ ಜೇಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಗಳಿಯ ವಾಸನೆಯನ್ನೇ ಮೈಗೆ ಹಚ್ಚಿಕೊಂಡಿದೆ. ಅದು ಗೂಡಿನ ಒಳಗೇ ಹೋಗಿ ಮರಿಹುಳುಗಳನ್ನು ಕದಿಯುತ್ತದೆ. ಗಮನಿಸಿ, ಅದರ ಆಕಾರ ಚಗಳಿಯನ್ನು ಅಷ್ಟಾಗಿ ಹೋಲುವುದಿಲ್ಲ. ಇರುವೆಗೆ ಮೋಸ ಮಾಡಬೇಕಾದವರು ವಾಸನೆಯನ್ನು ಕದಿಯುತ್ತಾರೆ, ಸೂರ್ಯನ ಕುದುರೆಗೆ ಮೋಸ ಮಾಡಬೇಕಾದವರು ರೂಪವನ್ನು ಕದಿಯುತ್ತಾರೆ.

ಪ್ರಶ್ನೆ: ಜೇಡಕ್ಕೆ ಎಂಟು ಕಾಲು, ಇರುವೆಗೆ ಆರು. ಜೇಡಕ್ಕೆ ಕುಡಿಮೀಸೆಯೂ ಇಲ್ಲ. ಈ ಲೆಕ್ಕವನ್ನು ಅದು ಹೇಗೆ ಸರಿದೂಗಿಸುತ್ತದೆ? – ವಿದ್ಯಾರ್ಥಿನಿ, ಮೈಸೂರು

ಉತ್ತರ: ಮುಂದಿನ ಎರಡು ಕಾಲುಗಳನ್ನು ತಲೆಯ ಮುಂದೆ ಎತ್ತಿ ಆಡಿಸುವ ಮೂಲಕ. ಉಳಿದವು ಆರು, ಲೆಕ್ಕ ಸರಿಹೋಯಿತು. ಅದು ಹೀಗೆ ಸದಾ ಆರು ಕಾಲಿನ ಮೇಲೆಯೇ ನಡೆಯುತ್ತದೆಂದು ಬಹಳ ಕಾಲ ನಂಬಲಾಗಿತ್ತು. ಇದರ ಸಂಬಂಧಿಯಾದ ಮಿರ್ಮರಾಕ್ನೆ ಫಾರ್ಮಿಕೇರಿಯ ಎಂಬ ಜೇಡವನ್ನು ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿ ಪಾಲ್ ಶ್ಯಾಂಬಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯದನ್ನೇ ತೋರಿಸಿತು. ಆ ಜೇಡ ನಡೆಯುವಾಗ ಎಂಟು ಕಾಲುಗಳನ್ನೂ ಬಳಸುತ್ತದೆ. ಆದರೆ ಪದೇ ಪದೇ, ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು ಮಾತ್ರ ನಿಂತು, ಆ ನಿಲುವಿನಲ್ಲಿ ಮುಂಗಾಲುಗಳನ್ನು ಎತ್ತಿ ಕುಡಿಮೀಸೆಯಂತೆ ಅಲ್ಲಾಡಿಸುತ್ತದೆ. ಈ ನಿಲುಗಡೆ ಎಷ್ಟು ಚುಟುಕಾದುದೆಂದರೆ, ನಿಧಾನವಾದ ಕಣ್ಣಿಗೆ ಅದು ಬಿಡದೆ ನಡೆಯುತ್ತಿರುವಂತೆಯೂ ಮೀಸೆಯನ್ನು ಬಿಡದೆ ಆಡಿಸುತ್ತಿರುವಂತೆಯೂ ಕಾಣುತ್ತದೆ.

ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತು. ವಾಸನೆಯ ಜಾಡು ಹಿಡಿದು ಹೋಗುವ ಇರುವೆ ನೇರವಾಗಿ ನಡೆಯುವುದಿಲ್ಲ. ಜಾಡಿನ ಎಡಬಲಕ್ಕೆ ಹಾವಿನ ಹರಿದಾಟದಂತೆ ಬಳುಕುತ್ತ ಹೋಗುತ್ತದೆ. ಜೇಡಕ್ಕೆ ಹಿಡಿಯಲು ಯಾವ ಜಾಡೂ ಇಲ್ಲ, ಆದರೂ ಅದು ಹಾಗೆಯೇ ಬಳುಕುತ್ತದೆ. ಅಗತ್ಯವಿಲ್ಲದ ಬಳುಕಿನಲ್ಲಿ ವೇಷದ ಪೂರ್ಣತೆ ಇದೆ. ಯಕ್ಷಗಾನದಲ್ಲಿ ಸ್ತ್ರೀವೇಷಧಾರಿಯ ನಡಿಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ವೇಷಕ್ಕೆ ಬೆಲೆ ತೆರಬೇಕಾಗುತ್ತದೆ. ಕಿರಿದಾದ ಮೈಯಿಂದಾಗಿ ಇರುವೆಯಂಥ ಜೇಡಗಳು ತಮ್ಮ ಕುಟುಂಬದ ಬೇರೆ ಜೇಡಗಳಷ್ಟು ಚೆನ್ನಾಗಿ ಜಿಗಿಯಲಾರವು. ಬೇಟೆಯನ್ನು ಹಾರಿ ಹಿಡಿಯುವ ಬದಲು, ಹತ್ತಿರ ಹೋಗಿ ಮುಂಗಾಲಿನಿಂದ ತಟ್ಟಿ ನೋಡಿ, ಮುನ್ನುಗ್ಗಿ ಕಚ್ಚುತ್ತವೆ. ಜಿಗಿತವೇ ಹೆಸರಾಗಿರುವ ವಂಶದಲ್ಲಿ ಹುಟ್ಟಿ ಜಿಗಿತವನ್ನೇ ಬಿಟ್ಟುಕೊಟ್ಟಿವೆ.

ಪ್ರಶ್ನೆ: ಮಾವಿನ ಎಲೆಯ ಮೇಲೆ ತೆಗೆದ ಚಿತ್ರವೊಂದನ್ನು ಕಳುಹಿಸಿದ್ದೇನೆ. ಚಗಳಿಯಂತಿದೆ, ಆದರೆ ತಲೆಯ ಮುಂದೆ ಇನ್ನೊಂದು ತಲೆ ಇರುವ ಹಾಗಿದೆ. ಒಂದು ಚಗಳಿ ಇನ್ನೊಂದನ್ನು ಹೊತ್ತುಕೊಂಡಿದೆಯೇ? – ಓದುಗರು, ಪುತ್ತೂರು

ಉತ್ತರ: ನಿಮಗೆ ಹಾಗೆ ಕಂಡದ್ದು ತಪ್ಪಲ್ಲ. ಹಾಗೆ ಕಾಣಲೆಂದೇ ಅದು ಹಾಗಿರಬಹುದು. ಚಿತ್ರದಲ್ಲಿರುವುದು ಇದೇ ಜೇಡದ ಗಂಡು. ಕೊನೆಯ ಬಾರಿ ಪೊರೆ ಕಳಚಿ ಬೆಳೆದ ಗಂಡಾಗುವಾಗ ಅದರ ದವಡೆಗಳು ಒಮ್ಮೆಲೇ ಮುಂದಕ್ಕೆ ಚಾಚಿಕೊಂಡು, ತುದಿಯಲ್ಲಿ ಉಬ್ಬಿ, ತಲೆಯ ಮುಂದೆ ಇಕ್ಕಳದ ಹಾಗೆ ನಿಲ್ಲುತ್ತವೆ. ಹೆಣ್ಣಿಗೆ ಇದಿಲ್ಲ. 1869ರಲ್ಲಿ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ ಮಾದರಿಗಳಿಂದ ಈ ಪ್ರಭೇದವನ್ನು ವಿವರಿಸಿದ ಇಂಗ್ಲೆಂಡಿನ ಪಿಕಾರ್ಡ್-ಕೇಂಬ್ರಿಜ್ ಇದಕ್ಕೆ ಪ್ಲಾಟಲಿಯಾಯ್ಡಿಸ್ ಎಂದು ಹೆಸರಿಟ್ಟರು. ಪ್ಲಾಟಲಿಯಾ ಎಂದರೆ ಚಮಚಕೊಕ್ಕಿನ ಹಕ್ಕಿ, ಆ ಹೆಸರಿನ ಅರ್ಥ ಚಮಚಕೊಕ್ಕಿನಂಥದು ಎಂದು. ರಂಗನತಿಟ್ಟಿನಲ್ಲಿ ಆ ಹಕ್ಕಿಯನ್ನು ಕಂಡವರು ನಿಮ್ಮ ಚಿತ್ರವನ್ನೊಮ್ಮೆ ನೋಡಿದರೆ ಹೆಸರು ಎಷ್ಟು ಒಪ್ಪುತ್ತದೆಂದು ತಿಳಿಯುತ್ತದೆ.

ಈ ದವಡೆಗಳು ಗಂಡುಗಳ ಜಗಳಕ್ಕೆ ಬೇಕು. ಎರಡು ಗಂಡುಗಳು ಎದುರಾದಾಗ ದವಡೆಗಳನ್ನು ಅಗಲಿಸಿ, ಮುಖಕ್ಕೆ ಮುಖ ಕೊಟ್ಟು, ಒಂದನ್ನೊಂದು ತಳ್ಳುತ್ತವೆ. ಇದರಿಂದ ಊಟಕ್ಕೆ ತೊಂದರೆಯಾಗದೆ ಇಲ್ಲ. ಹೆಣ್ಣಿನ ಕೋರೆಯಲ್ಲಿ ವಿಷದ ನಾಳವಿದೆ, ಗಂಡಿನ ಉದ್ದ ಕೋರೆಯಲ್ಲಿ ಅದಿಲ್ಲ. ಆದ್ದರಿಂದ ಗಂಡು ತನ್ನ ಬೇಟೆಯನ್ನು ವಿಷದಿಂದ ಮಣಿಸದೆ, ಈಟಿಯಿಂದ ತಿವಿದಂತೆ ಕೋರೆಗೆ ಸಿಕ್ಕಿಸಿಕೊಂಡು ತಿನ್ನಬೇಕು.

ಇಷ್ಟು ದೊಡ್ಡ ಮೂತಿ ಹೊತ್ತವನ ಇರುವೆ ವೇಷ ಕೆಡಬೇಕಲ್ಲವೇ? ಇಲ್ಲಿಯೇ ನಿಮ್ಮ ಕಣ್ಣು ಸರಿಯಾಗಿ ಕಂಡದ್ದು. ಚಗಳಿಗಳು ಸತ್ತ ಕೀಟವನ್ನೋ ಮರಿಹುಳುವನ್ನೋ ಬೇರೊಂದು ಚಗಳಿಯನ್ನೋ ಬಾಯಲ್ಲಿ ಕಚ್ಚಿ ಒಯ್ಯುವುದು ಸಾಮಾನ್ಯ ನೋಟ. ಗಂಡು ಜೇಡ ಹೋಲುವುದು ಹೀಗೆ ಹೊರೆ ಹೊತ್ತ ಇರುವೆಯನ್ನು. ನೆಲ್ಸನ್ ಮತ್ತು ಜಾಕ್ಸನ್ ಇದನ್ನೂ ಪರೀಕ್ಷಿಸಿದರು. ಇರುವೆಗೆ ಹೆದರುವ ಬೇಟೆಗಾರರಿಂದ ಗಂಡಿಗೂ ರಕ್ಷಣೆ ಸಿಕ್ಕಿತು. ಆದರೆ ಇರುವೆಗಳನ್ನೇ ಹುಡುಕಿ ತಿನ್ನುವ ಕೆಲವು ಜಿಗಿಯುವ ಜೇಡಗಳಿವೆ, ಅವು ಬಾಯಿ ತುಂಬಿರುವ ಇರುವೆಯನ್ನೇ ಆರಿಸಿಕೊಳ್ಳುತ್ತವೆ, ಏಕೆಂದರೆ ಹೊರೆ ಹೊತ್ತ ಇರುವೆ ಒಡನೆ ಕಚ್ಚಲಾರದು. ಅವುಗಳ ಮುಂದೆ ಗಂಡು ಜೇಡಕ್ಕೆ ಹೆಣ್ಣಿಗಿಂತ ಹೆಚ್ಚು ಅಪಾಯ ಎದುರಾಯಿತು. ಗಂಡುಗಳ ಜಗಳಕ್ಕೆಂದು ಬೆಳೆದ ಅಂಗಕ್ಕೆ ಹೊಂದುವಂತೆ ವೇಷವೂ ಬದಲಾಯಿತು, ವೇಷ ಬದಲಾದಂತೆ ಶತ್ರುಗಳೂ ಬದಲಾದರು.

ಪ್ರಶ್ನೆ: ಇರುವೆಯಂಥ ಜೇಡವೊಂದು ಮರಿಗಳಿಗೆ ಹಾಲು ಕುಡಿಸುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ಬಂತು. ನಂಬಬಹುದೇ? – ಓದುಗರು, ಬೆಂಗಳೂರು

ಉತ್ತರ: ಈ ಒಂದು ಸುದ್ದಿಯನ್ನು ನಂಬಬಹುದು, ಆದರೆ ಅದು ನಮ್ಮ ಚಗಳಿ ಜೇಡವಲ್ಲ. ಅದರ ಹೆಸರು ಟಾಕ್ಸಿಯಸ್ ಮ್ಯಾಗ್ನಸ್. ಚೀನಾದ ಯುನ್ನಾನ್ ಪ್ರಾಂತದ ಶಿಶ್ವಾಂಗ್‌ಬನ್ನಾ ಸಸ್ಯೋದ್ಯಾನದ ವಿಜ್ಞಾನಿಗಳು 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ತಾಯಿಯ ಹೊಟ್ಟೆಯ ಅಡಿಯ ಬಿರುಕಿನಿಂದ ಹಾಲಿನಂಥ ದ್ರವ ಒಸರುತ್ತದೆ. ಮೊದಲ ವಾರ ತಾಯಿ ಅದನ್ನು ಗೂಡಿನೊಳಗೆ ಹನಿಸಿ ಬಿಡುತ್ತದೆ, ಆಮೇಲೆ ಮರಿಗಳು ನೇರವಾಗಿ ತಾಯಿಗೇ ಬಾಯಿ ಹಚ್ಚುತ್ತವೆ. ಸುಮಾರು 20 ದಿನಗಳವರೆಗೆ ಅವುಗಳಿಗೆ ಬೇರೆ ಆಹಾರವೇ ಇಲ್ಲ, ಹೊರಗೆ ಬೇಟೆಯಾಡಲು ಕಲಿತ ಮೇಲೂ 40 ದಿನಗಳವರೆಗೆ ಮರಳಿ ಬಂದು ಕುಡಿಯುತ್ತವೆ. ಆ ದ್ರವದಲ್ಲಿ ಪ್ರೋಟೀನು ಹಸುವಿನ ಹಾಲಿನ ನಾಲ್ಕು ಪಟ್ಟಿನಷ್ಟಿದೆ. ಮೊಲೆ ಇಲ್ಲದ್ದರಿಂದ ಇದನ್ನು ಹಾಲೆನ್ನಬೇಕೇ ಎಂದು ತಕರಾರು ತೆಗೆಯುವವರಿದ್ದಾರೆ, ಆ ವಾದದಲ್ಲಿ ನನಗೆ ಹುರುಪಿಲ್ಲ.

ಪ್ರಶ್ನೆ: ಇಷ್ಟು ವಿಚಿತ್ರವಾದ ಜೀವಿ ನಮ್ಮ ತೋಟಗಳಲ್ಲೇ ಇದ್ದರೂ ಇದರ ಬಗ್ಗೆ ಓದಲು ಏನೂ ಸಿಗುವುದಿಲ್ಲವೇಕೆ? ನಾವು ನೋಡಬೇಕೆಂದರೆ ಎಲ್ಲಿ, ಹೇಗೆ ಹುಡುಕಬೇಕು? – ಓದುಗರು, ಶಿರಸಿ

ಉತ್ತರ: ಏನೂ ಇಲ್ಲವೆನ್ನುವಂತಿಲ್ಲ. ಈ ಜೇಡದ ಜೀವನಚರಿತ್ರೆಯನ್ನು ಎ. ಪಿ. ಮ್ಯಾಥ್ಯೂ 1934ರಷ್ಟು ಹಿಂದೆಯೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೆ ಬೋರ್ಜಸ್ ಮತ್ತು ಸಂಗಡಿಗರು 2007ರಲ್ಲಿ, ಒಂದೇ ಪ್ರದೇಶದಲ್ಲಿ ವಾಸಿಸುವ ಇರುವೆಯಂಥ ಜೇಡಗಳಲ್ಲಿ ಗಂಡು ತನ್ನ ಪ್ರಭೇದದ ಹೆಣ್ಣನ್ನು ಅದರ ಗೂಡಿನ ನೂಲಿನಿಂದಲೇ ಗುರುತಿಸಬಲ್ಲದೆಂದು ತೋರಿಸಿದರು. ರೂಪವನ್ನು ಇರುವೆಗೆ ಒಪ್ಪಿಸಿದ ಮೇಲೆ ಗುರುತಿಗೆ ಬೇರೊಂದು ದಾರಿ ಬೇಕಲ್ಲವೇ. ಆದರೂ ಅಧ್ಯಯನ ಕಡಿಮೆಯೆಂಬ ನಿಮ್ಮ ಮಾತು ನಿಜ. ಗಂಡು, ಹೆಣ್ಣುಗಳು ನೋಡಲು ಬೇರೆ ಬೇರೆಯಾಗಿರುವುದರಿಂದ ಜೋಡಿ ಹೊಂದಿಸುವುದೇ ಕಷ್ಟ. ಇವುಗಳ ಗುಂಪಿನಲ್ಲಿ ಮರಿಗಳು ಬೆಳೆಯುತ್ತ ಹೋದಂತೆ ಮೊದಲು ಒಂದು ಚಿಕ್ಕ ಇರುವೆಯನ್ನು, ಆಮೇಲೆ ಇನ್ನೊಂದು ದೊಡ್ಡ ಇರುವೆಯನ್ನು ಹೋಲುವುದೂ ಉಂಟು. ಪ್ರಭೇದವನ್ನು ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕದ ಅಡಿಯಲ್ಲಿ ಜನನಾಂಗಗಳನ್ನು ಪರೀಕ್ಷಿಸಬೇಕು. ಹೆಸರುಗಳೂ ನಿಂತಲ್ಲಿ ನಿಂತಿಲ್ಲ: ಮಿರ್ಮರಾಕ್ನೆ ಎಂಬ ಒಂದೇ ದೊಡ್ಡ ಕುಲದಲ್ಲಿದ್ದ ಈ ಜೇಡವನ್ನು ಪೋಲೆಂಡಿನ ಯೆರ್ಜಿ ಪ್ರೂಶಿನ್‌ಸ್ಕಿ 2016ರಲ್ಲಿ ಮಿರ್ಮಪ್ಲಾಟ ಎಂಬ ಹೊಸ ಕುಲಕ್ಕೆ ಸೇರಿಸಿದರು. ಹಳೆಯ ಪುಸ್ತಕಗಳಲ್ಲಿ ಹುಡುಕುವಾಗ ಹಳೆಯ ಹೆಸರನ್ನೇ ಹುಡುಕಿ.

ನೋಡುವುದಕ್ಕೆ ಪುಸ್ತಕ ಬೇಡ, ತಾಳ್ಮೆ ಸಾಕು. ಮಾವು, ಗೇರು, ಹಲಸಿನ ಮರದಲ್ಲಿ ಚಗಳಿ ಕೊಟ್ಟೆ ಇರುವ ಕಡೆ ಹೋಗಿ, ಚಗಳಿಗಳ ಮುಖ್ಯ ಸಾಲನ್ನು ಬಿಟ್ಟು, ಅದರಿಂದ ಒಂದೆರಡು ಮಾರು ದೂರದ ಎಲೆಗಳನ್ನು ನೋಡಿ. ಒಂಟಿಯಾಗಿ ಸುತ್ತುವ ಚಗಳಿಯ ಮೇಲೆ ಅನುಮಾನವಿರಲಿ. ನಾನು ಮೊದಲ ಸಲ ಇದನ್ನು ಗುರುತಿಸಿದ್ದು ಕಾಲುಗಳನ್ನು ಎಣಿಸಿ ಅಲ್ಲ. ಹಿತ್ತಲಿನ ಮಾವಿನ ಗಿಡದಲ್ಲಿ ಒಂದು ಚಗಳಿಗೆ ಭೂತಕನ್ನಡಿ ಹಿಡಿದಿದ್ದೆ, ಅದು ಇದ್ದಕ್ಕಿದ್ದಂತೆ ನಿಂತು, ಮೈಯನ್ನು ತಿರುಗಿಸಿ ನನ್ನತ್ತ ನೋಡಿತು. ಚಗಳಿ ಹಾಗೆ ನೋಡುವುದಿಲ್ಲ. ಮನುಷ್ಯನ ವಾಸನೆ ಬಂದರೆ ಹೊಟ್ಟೆಯನ್ನು ಮೇಲೆತ್ತಿ ಬಾಯಿ ತೆರೆಯುತ್ತದೆ. ಕನ್ನಡಿಯಲ್ಲಿ ಕಂಡದ್ದು ಎರಡು ದೊಡ್ಡ ದುಂಡು ಕಣ್ಣುಗಳು, ಮೋಟಾರಿನ ಮುಂದೀಪಗಳ ಹಾಗೆ ಮುಂದಕ್ಕೆ ನೆಟ್ಟವು. ಜಿಗಿಯುವ ಜೇಡಗಳಿಗಿರುವ ನಾಲ್ಕು ಜೊತೆ ಕಣ್ಣುಗಳಲ್ಲಿ ಬೇಟೆಯನ್ನು ಸ್ಪಷ್ಟವಾಗಿ ನೋಡುವುದು ಈ ಮುಂದಿನ ಜೊತೆಯೇ. ಉಳಿದೆಲ್ಲವನ್ನೂ ಇರುವೆಯಂತೆ ಮಾಡಿಕೊಂಡ ಜೇಡ ಇವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಚಿತ್ರ ತೆಗೆಯುವವರು ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ ಎದುರಿನಿಂದ ಒಂದು ತೆಗೆಯಿರಿ. ಮರ ಯಾವುದು, ತಿಂಗಳು ಯಾವುದು, ಹತ್ತಿರದಲ್ಲಿದ್ದ ಇರುವೆ ಯಾವುದು ಎಂದು ಬರೆದಿಟ್ಟುಕೊಳ್ಳಿ. ಜೇಡವನ್ನು ಕೊಲ್ಲುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮಲ್ಲಿ ಚಗಳಿ ಚಟ್ನಿ ಮಾಡುವ ರೂಢಿ ಇದೆ. ಕೊಟ್ಟೆ ಕೊಯ್ಯುವಾಗ ಈ ಜೇಡವೂ ಅದರಲ್ಲಿ ಸೇರಿದರೆ ವಿಷವಾಗುವುದಿಲ್ಲವೇ? – ಗೃಹಿಣಿ, ಕೊಪ್ಪ

ಉತ್ತರ: ಸೇರುವ ಸಂಭವ ಕಡಿಮೆ. ಮೇಲೆ ಹೇಳಿದಂತೆ ಇದು ಚಗಳಿಗಳಿಂದ ತಪ್ಪಿಸಿಕೊಂಡು ಬದುಕುವ ಜೇಡ, ಕೊಟ್ಟೆಯ ಒಳಗೆ ಕಾಲಿಡುವುದಿಲ್ಲ. ತಾನೇ ನೇಯ್ದ ಬಿಳಿಯ ತೆಳು ಗೂಡಿನಲ್ಲಿ, ಬೇರೊಂದು ಎಲೆಯ ಮರೆಯಲ್ಲಿ ಇರುತ್ತದೆ. ಅದರ ವಿಷ ಸಣ್ಣ ನೊಣಕ್ಕೆ ಸಾಕಾಗುವಷ್ಟು, ಅದೂ ಕಚ್ಚಿ ಒಳಗೆ ಬಿಟ್ಟರೆ ಮಾತ್ರ. ಹುರಿದು ಅರೆಯುವ ಚಟ್ನಿಯಲ್ಲಿ ಅದರ ಭಯ ಬೇಡ. ಕೊಟ್ಟೆಯ ಹೊರಗೆ ಅಂಟಿಕೊಂಡ ಎಲೆಗಳನ್ನು ಮರದಲ್ಲೇ ಒಮ್ಮೆ ಕೊಡವಿ ತಂದರೆ, ಇದ್ದ ಜೇಡ ನೂಲು ಹಿಡಿದು ಇಳಿದುಹೋಗುತ್ತದೆ.